ಸೋತವರ ಮನೆಯ ಅಳು

ಅಥೆನ್ಸ್, ಭಾನುವಾರ ರಾತ್ರಿ

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಉಪ್ಪಿನಕಾಯಿ ಇನ್ನೂ ಅರ್ಧ ಬಾಟ್ಲಿ ಉಳಿದಿದೆ, ಅಮ್ಮನಿಗೆ ಹೇಳಿ.

ಇವತ್ತು ಆಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿರುವ ಡಯೊನೈಸಸ್ ದೇವರ ರಂಗಸ್ಥಳ ನೋಡಿ ಬಂದೆ. ನಮ್ಮಲ್ಲಿ ಜಾತ್ರೆಗೆ ಬಯಲಾಟ ಆಡಿಸಿದ ಹಾಗೆ ಇಲ್ಲೂ ದೇವರ ಹಬ್ಬಕ್ಕೇ ನಾಟಕ ಆಡುತ್ತಿದ್ದರು. ಎದುರು ಸಾಲಿನ ನಡುವೆ ಅಮೃತಶಿಲೆಯ ಒಂದು ಪೀಠವಿದೆ. ಅದರ ಕಾಲಿಗೆ ಸಿಂಹದ ಪಂಜ ಕೆತ್ತಿದ್ದಾರೆ. ಡಯೊನೈಸಸ್ಸನ ಅರ್ಚಕರಿಗೆ ಸೇರಿದ್ದು ಎಂದು ಅಕ್ಷರ ಕೊರೆದಿದ್ದಾರೆ. ಈ ಕಲ್ಲೆಲ್ಲ ಆಮೇಲೆ ಬಂದದ್ದು, ಮೊದಲು ಜನ ಕೂರುತ್ತಿದ್ದದ್ದು ಮರದ ಹಲಗೆಯ ಮೇಲೆ.

ಬಿ.ಎಂ.ಶ್ರೀ. ಅವರ 'ಪಾರಸಿಕರು' (ಅಂದರೆ ಪರ್ಷಿಯನ್ನರು) ನಾಟಕ ನಿಮಗೆ ಗೊತ್ತಲ್ಲ, 1935ರದ್ದು. ಅದರ ಮೂಲ ಗ್ರೀಕ್ ಕವಿ ಈಸ್ಕಿಲಸ್ ಬರೆದದ್ದು. ಕ್ರಿ.ಪೂ. 472ರಲ್ಲಿ ಅದು ಮೊದಲು ರಂಗಕ್ಕೆ ಬಂದದ್ದು ಈ ಗುಡ್ಡದ ಬುಡದಲ್ಲೇ. ಅದಕ್ಕೆ ಎಂಟು ವರ್ಷ ಮುಂಚೆ ಪರ್ಷಿಯನ್ನರು ಅಥೆನ್ಸಿಗೆ ಬೆಂಕಿ ಹಚ್ಚಿದ್ದರು. ಗುಡ್ಡದ ಮೇಲಿನ ಗುಡಿಗಳು ಸುಟ್ಟುಹೋಗಿದ್ದವು. ಈಗ ಕಾಣುವ ಪಾರ್ಥೆನಾನ್ ಗುಡಿ ಆಗ ಇರಲೇ ಇಲ್ಲ. ಅಂದರೆ ಬೆನ್ನ ಹಿಂದೆ ಸುಟ್ಟ ಗುಡಿಗಳನ್ನು ಇಟ್ಟುಕೊಂಡು ಜನ ಆ ನಾಟಕ ನೋಡಿದರು.

ನೋಡಿದ್ದಾದರೂ ಏನು? ತಮ್ಮ ಗೆಲುವಿನ ಮೆರವಣಿಗೆಯಲ್ಲ. ಕಥೆ ನಡೆಯುವುದು ಶತ್ರುವಿನ ರಾಜಧಾನಿ ಸೂಸಾದಲ್ಲಿ. ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್ ಯುದ್ಧಕ್ಕೆ ಹೋಗಿದ್ದಾನೆ, ಅವನ ತಾಯಿಗೆ ಕೆಟ್ಟ ಕನಸು ಬಿದ್ದಿದೆ. ದೂತ ಓಡಿ ಬಂದು ಸಲಾಮಿಸ್ ಎಂಬಲ್ಲಿ ಗ್ರೀಕರ ಎದುರು ಸಮುದ್ರಯುದ್ಧದಲ್ಲಿ ಸೋತದ್ದನ್ನು ಹೇಳುತ್ತಾನೆ, ಸತ್ತ ದಳಪತಿಗಳ ಹೆಸರು ಒಂದೊಂದಾಗಿ ಎತ್ತುತ್ತಾನೆ. ಗ್ರೀಕ್ ವೀರರಲ್ಲಿ ಒಬ್ಬನ ಹೆಸರೂ ಇಡೀ ನಾಟಕದಲ್ಲಿ ಇಲ್ಲ. ಕೊನೆಗೆ ಕ್ಸೆರ್ಕ್ಸಿಸ್ ಹರಿದ ಬಟ್ಟೆಯಲ್ಲಿ ಬರುತ್ತಾನೆ. ಆಮೇಲೆ ಬರೀ ಗೋಳು.

ಬರೆದವನು ಯಾರು ಗೊತ್ತಾ? ಇದೇ ಪರ್ಷಿಯನ್ನರ ವಿರುದ್ಧ ಮ್ಯಾರಥಾನ್ ಯುದ್ಧದಲ್ಲಿ ತಾನೇ ಕಾದಾಡಿದವನು. ಅವನ ಒಡಹುಟ್ಟಿದ ಕೈನೆಗೈರಸ್ ಅಲ್ಲೇ ಸತ್ತ. ಶತ್ರುವಿನ ಹಡಗು ಹಿಡಿದಾಗ ಅವನ ಕೈ ಕಡಿದುಹಾಕಿದರು ಎಂದು ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಅಂಥವನು ಆ ಶತ್ರುವಿನ ತಾಯಿಯ ಅಳಲಿಗೆ ದನಿ ಕೊಟ್ಟ! ಅದನ್ನು ಯೋಚಿಸುತ್ತಾ ಬಹಳ ಹೊತ್ತು ಅಲ್ಲೇ ಕೂತಿದ್ದೆ, ಅಪ್ಪಯ್ಯ.

ಅವನಿಗಿಂತ ಮುಂಚೆ ಫ್ರಿನಿಕಸ್ ಎಂಬ ಕವಿ ಗ್ರೀಕರದೇ ಮಿಲೆಟಸ್ ಪಟ್ಟಣ ಪರ್ಷಿಯನ್ನರ ಕೈಗೆ ಬಿದ್ದ ಕಥೆಯನ್ನು ಆಡಿಸಿದ್ದ. ಜನ ಬಿಕ್ಕಿಬಿಕ್ಕಿ ಅತ್ತರು. ನಮ್ಮವರ ದುಃಖವನ್ನೇ ನೆನಪಿಸಿದೆ ಎಂದು ಅವನಿಗೆ 1000 ಡ್ರಾಕ್ಮಾ ದಂಡ ಹಾಕಿದರು. ಈಸ್ಕಿಲಸ್ ಎದುರಾಳಿಯ ದುಃಖ ತೋರಿಸಿದ, ಅವನಿಗೆ ಮೊದಲ ಬಹುಮಾನ ಬಂತು. ಆ ವರ್ಷ ಮೇಳದ ಖರ್ಚು ಹೊತ್ತವನು ಮುಂದೆ ಅಥೆನ್ಸಿನ ನಾಯಕನಾದ ಪೆರಿಕ್ಲಿಸ್, ನಮ್ಮಲ್ಲಿ ಆಟ ಆಡಿಸುವವರ ಹಾಗೆ. ಪಾರ್ಥೆನಾನ್ ಕಟ್ಟಿಸಿದವನೂ ಅವನೇ.

ಆ ರಾಜಮಾತೆಯ ವೇಷ ಹಾಕಿದ್ದು ಗಂಡಸು. ಆಗ ಇಲ್ಲಿ ಹೆಣ್ಣು ಪಾತ್ರವೆಲ್ಲ ಗಂಡಸರದೇ, ಅದೂ ಮುಖವಾಡ ಹಾಕಿಕೊಂಡು. ಬಯಲಾಟದಲ್ಲಿ ಹೆಣ್ಣುವೇಷ ಹಾಕುತ್ತಿದ್ದ ನಿಮಗಾದರೆ ಬಣ್ಣದ ಹಿಂದೆ ಕಣ್ಣು, ಹುಬ್ಬು ಇತ್ತು. ಅವನಿಗೆ ಇದ್ದದ್ದು ದನಿ, ಕೈ, ನಡಿಗೆ ಅಷ್ಟೇ. 'ರಾವಣ ವಧೆ'ಯಲ್ಲಿ ನೀವು ಮಂಡೋದರಿಯಾಗಿ ಬಂದಾಗ ರಾಮ ಗೆಲ್ಲಲಿ ಎಂದು ಕೂತಿದ್ದ ಹೆಂಗಸರೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಚೌಕಿಯ ಪಕ್ಕ ಚಾಪೆ ಮೇಲೆ ನಿದ್ದೆಗಣ್ಣಲ್ಲಿ ಅದನ್ನು ನೋಡಿದ ನೆನಪು ನನಗೆ ಇವತ್ತು ಬಂತು.

ಮಂಡೋದರಿಯ ಆ ಕೊನೆಯ ಮಾತುಗಳನ್ನು ಒಮ್ಮೆ ಹೇಳಿ, ತಮ್ಮನ ಫೋನಿನಲ್ಲಿ ರೆಕಾರ್ಡ್ ಮಾಡಿಸಿ ಕಳಿಸಿ. ಮುಂದಿನ ಭಾನುವಾರ ಅಲ್ಲೇ ಕೂತು ಕೇಳುತ್ತೇನೆ.

ಇಂತಿ,
ನಿಮ್ಮ ಮಗ