ಮಾತಿಲ್ಲದ ಆ ಹಾಡಿಗೂ ಪುರವಣಿಯಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧಕ್ಕೆ ಎರಡು ಪುಟ ಕೊಟ್ಟಿದ್ದಿರಿ. ಚೆನ್ನಾಗಿತ್ತು. ಸಿಂಗಪುರ ಬಿದ್ದದ್ದು, ಜನರಲ್‌ಗಳ ಲೆಕ್ಕಾಚಾರ, ವಿಮಾನ, ಟ್ಯಾಂಕು ಎಲ್ಲ ಬಂದಿತ್ತು. ಆದರೆ ಸಿಂಗಪುರ ಬಿಟ್ಟು ಹಡಗು ಹತ್ತಿದ ಹೆಂಗಸರು ಏನಾದರು? ಅದಕ್ಕೆ ಒಂದು ಸಾಲೂ ಇರಲಿಲ್ಲ. ನಾನು ಭಜನಾ ಮಂಡಳಿಯಲ್ಲಿ ಹಾಡುವವಳು, ಇತಿಹಾಸ ಓದಿದವಳಲ್ಲ. ಆದರೂ ಈ ಹೆಂಗಸರ ವಿಷಯ ನನಗೆ ಸ್ವಲ್ಪ ಗೊತ್ತಿದೆ, ಹಾಡಿನ ಕಾರಣದಿಂದ.

1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈಗೆ ಹೋಯಿತು. ಅದಕ್ಕೆ ಮೊದಲೇ ಹೊರಟ ಎಷ್ಟೋ ಹಡಗುಗಳು ದಾರಿಯಲ್ಲಿ ಬಾಂಬಿಗೆ ಸಿಕ್ಕಿ ಮುಳುಗಿದವು. ಈಜಿಯೋ ತೇಲಿಯೋ ದಡ ಸೇರಿದವರಲ್ಲಿ ಹೆಚ್ಚಿನವರು ಸೆರೆಯಾದರು. ಇಂಗ್ಲಿಷ್ ಹೆಂಗಸರು, ಆಸ್ಟ್ರೇಲಿಯಾದ ನರ್ಸುಗಳು, ಆಗ ಡಚ್ಚರ ವಸಾಹತಾಗಿದ್ದ ಸುಮಾತ್ರಾದಲ್ಲೇ ಇದ್ದ ಡಚ್ ಸಂಸಾರಗಳು, ಕ್ರೈಸ್ತ ಸನ್ಯಾಸಿನಿಯರು, ಮಕ್ಕಳು, ಹೀಗೆ ನೂರಾರು ಜನರನ್ನು ಸುಮಾತ್ರಾದ ಪಾಲೆಂಬಾಂಗ್‌ನಲ್ಲಿ ಕೂಡಿಹಾಕಿದರು. ನೀರು ಹೊರುವುದು, ಸೌದೆ ಒಡೆಯುವುದು, ಕಲ್ಲು ಹುಳ ಆರಿಸಿ ಒಂದು ಹಿಡಿ ಅನ್ನ ಬೇಯಿಸಿಕೊಳ್ಳುವುದು. ದಿನ ಅದರಲ್ಲೇ ಮುಗಿಯುತ್ತಿತ್ತು.

ಆ ಗುಂಪಿನಲ್ಲಿ ಮಾರ್ಗರೆಟ್ ಡ್ರೈಬರ್ಗ್ ಎಂಬ ಮಿಷನರಿ ಟೀಚರ್ ಇದ್ದರು. ವಯಸ್ಸು 50 ದಾಟಿತ್ತು. ಇನ್ನೊಬ್ಬರು ನೋರಾ ಚೇಂಬರ್ಸ್. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಸಂಗೀತ ಕಲಿತವರು. ಗಂಡ ಬೇರೆ ಶಿಬಿರದಲ್ಲಿ ಸೆರೆಯಾಳು. ಮಗಳನ್ನು ಮೊದಲೇ ಬೇರೆ ಹಡಗಿನಲ್ಲಿ ಕಳಿಸಿಬಿಟ್ಟಿದ್ದರು. ಇವರಿಬ್ಬರಿಗೆ ಒಂದು ಹುಚ್ಚು ಯೋಚನೆ ಬಂತು. ವಾದ್ಯವಿಲ್ಲ, ಪುಸ್ತಕವಿಲ್ಲ, ಆದರೂ ಆರ್ಕೆಸ್ಟ್ರಾ ಕಟ್ಟೋಣ ಅಂತ. ಪಿಟೀಲು, ಕೊಳಲು, ಪಿಯಾನೊ ನುಡಿಸುವುದನ್ನೆಲ್ಲ ಕೊರಳಲ್ಲೇ ಹಾಡುವುದು. ಸಾಹಿತ್ಯ ಬೇಡ. ‘ಊ’, ‘ಲಾ’, ಬಾಯಿ ಮುಚ್ಚಿಕೊಂಡು ‘ಮ್’, ಅಷ್ಟೇ. ಇಂಗ್ಲಿಷಿನವರಿಗೆ ಡಚ್ ಬರದು, ಡಚ್ಚರಲ್ಲಿ ಎಷ್ಟೋ ಜನರಿಗೆ ಇಂಗ್ಲಿಷ್ ಬರದು. ಮಾತೇ ಇಲ್ಲದ ಹಾಡಾದರೆ ಆ ಜಗಳವೇ ಇಲ್ಲ, ಅಲ್ವಾ?

ನಮಗೆ ಇದು ಅಷ್ಟು ಹೊಸದಲ್ಲ. ಒಂದು ರಾಗವನ್ನು ಅರ್ಧ ಗಂಟೆ ಬರೀ ಆಕಾರದಲ್ಲಿ ಕೇಳಿ ತಲೆದೂಗುವ ಜನ ನಾವು. ಆದರೆ ಅವರ ಕೆಲಸ ಬೇರೆ ಥರದ್ದು. ನಾಲ್ಕು ಗುಂಪು, ಒಂದೊಂದಕ್ಕೂ ಬೇರೆ ಬೇರೆ ಸ್ವರ, ಎಲ್ಲ ಒಟ್ಟಿಗೆ ಕೂಡಬೇಕು. ಡ್ರೈಬರ್ಗ್ ದೊಡ್ಡ ದೊಡ್ಡ ಕೃತಿಗಳನ್ನು ನೆನಪಿನಿಂದಲೇ ಇಳಿಸಿ ಹೆಂಗಸರ ಕಂಠಕ್ಕೆ ಹೊಂದಿಸಿ ಬರೆದರು. ಸಿಕ್ಕ ಚೂರು ಕಾಗದದ ಮೇಲೆ ಉಳಿದವರು ನಕಲು ಮಾಡಿಕೊಂಡರು.

ಮೊದಲ ಕಛೇರಿ 1943ರ ಡಿಸೆಂಬರ್ 27ರ ಸಂಜೆ. ಸುಮಾರು 30 ಹೆಂಗಸರು. ನಿಂತು ಹಾಡುವ ಶಕ್ತಿ ಇರಲಿಲ್ಲ, ಪುಟ್ಟ ಸ್ಟೂಲುಗಳ ಮೇಲೆ ಕೂತರು. ಡ್ರೈಬರ್ಗ್ ಮುಂದೆ ಬಂದು, ಕಣ್ಣು ಮುಚ್ಚಿಕೊಳ್ಳಿ, ದೊಡ್ಡ ಸಭಾಂಗಣದಲ್ಲಿ ಕೂತಿದ್ದೇವೆ ಅಂದುಕೊಳ್ಳಿ ಎಂದರಂತೆ. ನೋರಾ ಕೈ ಎತ್ತಿದರು. ಯುರೋಪಿನ ಸಂಗೀತಗಾರ ಡ್ವೊರ್ಜಾಕ್ ವಾದ್ಯವೃಂದಕ್ಕೆ ಬರೆದ ‘ನ್ಯೂ ವರ್ಲ್ಡ್’ ಸಿಂಫನಿಯ ನಿಧಾನಗತಿಯ ಭಾಗ ಶುರುವಾಯಿತು. ಗುಂಪು ಸೇರಿದ್ದನ್ನು ಕಂಡು ಒಬ್ಬ ಕಾವಲುಗಾರ ಬಯೊನೆಟ್ ಹಿಡಿದು ಕೂಗಾಡುತ್ತ ನುಗ್ಗಿದ. ಇವರು ನಿಲ್ಲಿಸಲಿಲ್ಲ. ಅವನೂ ಸುಮ್ನೆ ನಿಂತು ಕೇಳಿದ ಅಂತ ಅಲ್ಲಿದ್ದವರು ಆಮೇಲೆ ಹೇಳಿದ್ದಾರೆ.

ಇದನ್ನು ಓದಿದ ಮೇಲೆ ನಮ್ಮ ಮಂಡಳಿಯಲ್ಲಿ ಒಂದು ಪ್ರಯೋಗ ಮಾಡಿದೆವು. ಶನಿವಾರದ ಭಜನೆ ಮುಗಿದ ಮೇಲೆ ಎಂಟು ಜನ ಕೂತು ಒಂದು ದೇವರನಾಮದ ಮಟ್ಟನ್ನು ಸಾಹಿತ್ಯ ಬಿಟ್ಟು ‘ಮ್’ ಅಂತ ಹಾಡಲು ಹೋದೆವು. ದನಿ ಎಲ್ಲೂ ಕಡಿಯಬಾರದು ಅಂತ ಷರತ್ತು. ಎರಡನೇ ಸಾಲಿಗೇ ಎಲ್ಲರ ಉಸಿರೂ ಒಟ್ಟಿಗೆ ಮುಗಿಯಿತು! ಒಬ್ಬರು ಎಳೆಯುವಾಗ ಇನ್ನೊಬ್ಬರು ಉಸಿರು ತಗೋಬೇಕು, ಅದು ಕೇಳುವವರಿಗೆ ಗೊತ್ತಾಗಬಾರದು. ಪಕ್ಕದವರ ಎದೆ ಏರಿಳಿಯುವುದನ್ನು ನೋಡುತ್ತಲೇ ಹಾಡಬೇಕಾಗುತ್ತದೆ. ನಾವು ಆಗಷ್ಟೇ ಉಪ್ಪಿಟ್ಟು, ಕಾಫಿ ಮುಗಿಸಿದ್ದವರು. ಅವರ ಹೊಟ್ಟೆಯಲ್ಲಿ ಏನಿತ್ತು?

ಈ ಕಥೆ ವಾಟ್ಸ್‌ಆ್ಯಪ್‌ನಲ್ಲೂ ಓಡಾಡುತ್ತಿದೆ, ‘ಸಂಗೀತ ಅವರ ಪ್ರಾಣ ಉಳಿಸಿತು’ ಅನ್ನೋ ತಲೆಬರಹದಲ್ಲಿ. ನನಗೆ ಅದು ಸರಿ ಕಾಣುವುದಿಲ್ಲ. ಮಲೇರಿಯಾ, ಬೆರಿಬೆರಿ, ಆಮಶಂಕೆಗೆ ಹಾಡು ಔಷಧಿ ಅಲ್ಲ. ಔಷಧಿ ಇಲ್ಲದೆ, ಅನ್ನ ಇಲ್ಲದೆ ಹಾಡುಗಾರ್ತಿಯರು ಒಬ್ಬೊಬ್ಬರಾಗಿ ಸತ್ತರು. 1945ರ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಜನ ಹೋಗಿದ್ದರು. ಬದುಕಿದ್ದವರಿಗೂ ದನಿ ಏಳುತ್ತಿರಲಿಲ್ಲ. ಆರ್ಕೆಸ್ಟ್ರಾ ನಿಂತುಹೋಯಿತು. ಡ್ರೈಬರ್ಗ್ 1945ರ ಏಪ್ರಿಲ್ 21ರಂದು ತೀರಿಕೊಂಡರು. ನಾಲ್ಕು ತಿಂಗಳಿಗೆ ಯುದ್ಧ ಮುಗಿಯಿತು. ಉಳಿದು ಬಂದವರು ಹೇಳಿದ್ದು ಬೇರೆಯೇ. ಹಾಡುವಷ್ಟು ಹೊತ್ತು ತಾವು ಸೆರೆಯಾಳು ಅನ್ನೋದು ಮರೆತುಹೋಗುತ್ತಿತ್ತಂತೆ. ಅದು ಅಷ್ಟೇ. ಅದನ್ನು ಹಿಗ್ಗಿಸಿ ಹೇಳಿದರೆ ಸತ್ತವರಿಗೆ ಅನ್ಯಾಯ ಮಾಡಿದ ಹಾಗೆ.

ಹಾಡು ಅವರಿಗೆ ಹಗ್ಗದ ಹಾಗೂ ಒದಗಿದ್ದುಂಟು. 1942ರ ಕ್ರಿಸ್‌ಮಸ್ ಸಮಯದಲ್ಲಿ ಕೆಲಸಕ್ಕೆ ಹೊರಟ ಗಂಡಸು ಕೈದಿಗಳು ಹೆಂಗಸರ ಶಿಬಿರದ ಹತ್ತಿರ ಹಾದುಹೋಗುತ್ತಿದ್ದರು. ಕೂಗಿ ಕರೆಯುವ ಹಾಗಿಲ್ಲ. ಹೆಂಗಸರು ಕ್ರಿಸ್‌ಮಸ್ ಹಾಡು ಹಾಡಿದರು. ಮುಂದೆ ಗಂಡಸರೂ ನಿಂತು ಹಾಡಿ ಉತ್ತರ ಕೊಟ್ಟರು. ‘ಬದುಕಿದ್ದೀನಿ’ ಅಂತ ಹೆಂಡತಿಗೆ ತಿಳಿಸಲು ಅಷ್ಟು ಸಾಕಾಯಿತೇನೋ.

ಆ ನಕಲು ಹಾಳೆಗಳನ್ನು ಶಿಬಿರದಲ್ಲಿ ಹಾಡಿದ್ದ ಒಬ್ಬ ಡಚ್ ಹುಡುಗಿ ಜೋಪಾನವಾಗಿ ಇಟ್ಟುಕೊಂಡಿದ್ದರು. 1980ರಲ್ಲಿ ಅವು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದವು. ಆಮೇಲೆ ಬೇರೆ ಬೇರೆ ದೇಶಗಳ ಹೆಂಗಸರ ತಂಡಗಳು ಅದನ್ನು ನೋಡಿ ಹಾಡಿವೆ. ಈಗ ಮೊಬೈಲಿನಲ್ಲೂ ಕೇಳಬಹುದು. ನಮ್ಮ ಮಂಡಳಿಯವರು ಸ್ಪೀಕರ್ ಹಾಕಿಕೊಂಡು ಕೇಳಿದೆವು. ಒಬ್ಬರು ‘ಇದು ತಂಬೂರಿ ಹಾಗಿದೆ ಕಣ್ರೀ’ ಅಂದರು.

ಮುಂದಿನ ಸಲ ಯುದ್ಧದ ಬಗ್ಗೆ ಪುಟ ಮಾಡುವಾಗ ಇವರಿಗೂ ಒಂದು ಕಾಲಂ ಕೊಡಿ. ಚಿತ್ರ ಬೇಕಾದರೆ ಟ್ಯಾಂಕಿನದು ಬೇಡ. ಆ ಕೈಬರಹದ ಹಾಳೆಗಳಲ್ಲಿ ಒಂದು ಸಾಕು.

ಇತಿ,
ನಿಮ್ಮ ಹಳೆಯ ಓದುಗಾರ್ತಿ
ಮೈಸೂರು