ಐವತ್ತು ಪಾಯಿಂಟ್ ಹೊಡೆದವನಿಗೆ ಯಾಕೆ ಸಿಗಲಿಲ್ಲ?

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಇಲ್ಲಿ ನಾನು, ನಿಮ್ಮತ್ತೆ ಚೆನ್ನಾಗಿದ್ದೇವೆ. ಭಾನುವಾರ ರಾತ್ರಿ ನಿಮ್ಮಮ್ಮ ಫೋನ್ ಮಾಡಿದ್ದಳು. ಬ್ಯಾಸ್ಕೆಟ್‌ಬಾಲ್ ಫೈನಲ್ ಗೆದ್ದು ಬಂದ ಹುಡುಗಿ ಊಟ ಬಿಟ್ಟು ಮುಸುಕು ಹಾಕಿಕೊಂಡು ಮಲಗಿದ್ದಾಳೆ ಅಂದಳು. 26 ಪಾಯಿಂಟ್ ಹೊಡೆದದ್ದು ನೀನು, ಬೆಸ್ಟ್ ಪ್ಲೇಯರ್ ಕಪ್ ಸಿಕ್ಕಿದ್ದು 8 ಪಾಯಿಂಟ್ ಹೊಡೆದ ನಿಮ್ಮ ಗಾರ್ಡ್‌ಗೆ, ಚೆಂಡು ತಂದು ಪಾಸ್ ಕೊಡೋ ಹುಡುಗಿಗೆ. ಹೊಟ್ಟೆ ಉರಿಯದೆ ಇರುತ್ತಾ? ಫೋನಿನಲ್ಲಿ ಹೇಳಿದರೆ ನೀನು 'ಹ್ಞೂಂ ಮಾವ' ಅಂದು ಇಟ್ಟುಬಿಡ್ತೀಯ. ಅದಕ್ಕೇ ಈ ಕಾಗದ.

'ಎನ್‌ಬಿಎ ಆಗಿದ್ರೆ ಹೀಗೆ ಆಗ್ತಿರಲಿಲ್ಲ' ಅಂದೆಯಂತೆ. ಅಲ್ಲೇ ನೀನು ಸಿಕ್ಕಿಬಿದ್ದೆ. ಅಮೆರಿಕದ ಆ ದೊಡ್ಡ ಲೀಗ್‌ನಲ್ಲೂ ಆಗಿದೆ, ಇದಕ್ಕಿಂತ ಜೋರಾಗಿ ಆಗಿದೆ.

1961-62ರ ಸೀಸನ್. ಫಿಲಡೆಲ್ಫಿಯಾದ ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಹೊಡೆದ. ಒಂದು ದಿನದ್ದಲ್ಲ, ಇಡೀ ಸೀಸನ್ನಿನ ಸರಾಸರಿ! ಆ ಮಾರ್ಚ್‌ನಲ್ಲಿ ಒಂದೇ ಪಂದ್ಯದಲ್ಲಿ 100 ಹೊಡೆದದ್ದೂ ಅವನೇ. ಸಿನ್ಸಿನಾಟಿಯ ಆಸ್ಕರ್ ರಾಬರ್ಟ್‌ಸನ್ ಅದೇ ವರ್ಷ ಪಾಯಿಂಟು, ರೀಬೌಂಡು (ಬುಟ್ಟಿ ತಪ್ಪಿದ ಚೆಂಡು ಹಿಡಿಯೋದು), ಅಸಿಸ್ಟು (ಪಾಸ್ ಕೊಟ್ಟು ಬೇರೆಯವರಿಂದ ಹೊಡೆಸೋದು) ಮೂರರಲ್ಲೂ ಸರಾಸರಿ ಎರಡಂಕಿ ಮುಟ್ಟಿದ. ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಆದರೆ ಅತ್ಯಮೂಲ್ಯ ಆಟಗಾರ ಅಂತ ಆಯ್ಕೆಯಾದವನು ಬಾಸ್ಟನ್‌ನ ಬಿಲ್ ರಸೆಲ್. ಅವನ ಸರಾಸರಿ 18.9. ತನ್ನ ತಂಡದಲ್ಲೇ ಅವನಿಗಿಂತ ಜಾಸ್ತಿ ಹೊಡೆದವನೊಬ್ಬನಿದ್ದ.

ಆರಿಸಿದ್ದು ಯಾರು ಗೊತ್ತಾ? ಪತ್ರಕರ್ತರಲ್ಲ. ಆಗ ವೋಟು ಹಾಕುತ್ತಿದ್ದವರು ಆಟಗಾರರೇ. 1980ರವರೆಗೂ ಹಾಗೇ ಇತ್ತು, ಆಮೇಲೆ ಮಾಧ್ಯಮದವರ ಕೈಗೆ ಹೋಯಿತು. ಅಂದರೆ ವಿಲ್ಟ್ ಕೈಲಿ ಬುಟ್ಟಿ ತುಂಬಾ ಹೊಡೆಸಿಕೊಂಡವರೇ ರಸೆಲ್ ಹೆಸರು ಬರೆದರು. ರಸೆಲ್ ಎದುರು ನಿಂತರೆ ಚೆಂಡು ಎಸೆಯೋಕೇ ಕೈ ಹೆದರುತ್ತಿತ್ತು. ಅವನು ಚೆಂಡನ್ನು ತಡೆದು ಪ್ರೇಕ್ಷಕರ ಕಡೆ ಬಡಿಯುತ್ತಿರಲಿಲ್ಲ. ಮೆಲ್ಲಗೆ ತಟ್ಟಿ ತನ್ನವನ ಕೈಗೇ ಬೀಳಿಸುತ್ತಿದ್ದ, ಆ ಕಡೆ ಓಟ ಶುರುವಾಗುತ್ತಿತ್ತು. ಹೀಗೆ ತಡೆದದ್ದನ್ನು, ಅಂದರೆ ಬ್ಲಾಕ್‌ಗಳನ್ನು, ಆಗ ಯಾರೂ ಲೆಕ್ಕ ಇಡುತ್ತಿರಲಿಲ್ಲ, ಅದು ಶುರುವಾದದ್ದು 1973ರಲ್ಲಿ. ಕಾಗದದಲ್ಲಿ ಇಲ್ಲದ್ದು ಆಡಿದವರಿಗೆ ಗೊತ್ತಿತ್ತು, ಅಷ್ಟೆ. ಆ ವರ್ಷ ಬಾಸ್ಟನ್ 80ರಲ್ಲಿ 60 ಗೆದ್ದಿತು, ವಿಲ್ಟ್‌ನ ತಂಡ 49.

ನನಗೂ ನಿನ್ನ ವಯಸ್ಸಿನಲ್ಲಿ ಇದು ಅನ್ಯಾಯ ಅನ್ನಿಸಿತ್ತು. ಈಗ ಅನ್ನಿಸೋದಿಲ್ಲ.

ಇನ್ನೊಬ್ಬನ ಕಥೆ ಕೇಳು. 2004ರಲ್ಲಿ ಸ್ಟೀವ್ ನ್ಯಾಶ್ ಡಲ್ಲಾಸ್ ಬಿಟ್ಟು ಫೀನಿಕ್ಸ್‌ಗೆ ಬಂದ. ಹಿಂದಿನ ವರ್ಷ ಫೀನಿಕ್ಸ್ ಗೆದ್ದದ್ದು 29 ಪಂದ್ಯ. ಅವನು ಬಂದ ವರ್ಷ 62. ಅವನು ಹೊಡೆದದ್ದು ಸರಾಸರಿ 15.5 ಮಾತ್ರ. ಆದರೆ ಪಕ್ಕದಲ್ಲಿ ಆಡುತ್ತಿದ್ದ ಸ್ಟೌಡ್‌ಮೈರ್ ಹುಡುಗನ ಸರಾಸರಿ 20.6ರಿಂದ 26ಕ್ಕೆ ಏರಿತು. ಹುಡುಗ ಚೆನ್ನಾಗಿ ಬೆಳೆದ, ನಿಜ. ಜೊತೆಗೆ ಚೆಂಡು ಅವನಿಗೆ ಬೇಕಾದ ಕಡೆ, ಬೇಕಾದ ಗಳಿಗೆಗೆ ಸರಿಯಾಗಿ ಬರುತ್ತಿತ್ತು. ಆ ಸಲ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ನ್ಯಾಶ್‌ಗೆ ಕೊಟ್ಟದ್ದಕ್ಕೆ ಜಗಳ ಆಡುವವರು ಈಗಲೂ ಇದ್ದಾರೆ. ಎರಡನೆಯವನಾಗಿದ್ದದ್ದು ಶಕೀಲ್ ಓನೀಲ್, ಸಾಮಾನ್ಯನಲ್ಲ. ನನ್ನ ವೋಟು ನ್ಯಾಶ್‌ಗೇ.

ಹಾಗಂತ ವೋಟು ಹಾಕುವವರು ಯಾವಾಗಲೂ ಸರಿ ಅಂತ ನಾನು ಹೇಳೋದಿಲ್ಲ. 2017ರಲ್ಲಿ ವೆಸ್ಟ್‌ಬ್ರೂಕ್ ರಾಬರ್ಟ್‌ಸನ್ ಹಾಗೆ ಮೂರರಲ್ಲೂ ಸರಾಸರಿ ಎರಡಂಕಿ ಮಾಡಿದ ಅಂತ ಎಲ್ಲರೂ ಮರುಳಾಗಿ ಅವನಿಗೇ ಕೊಟ್ಟರು. ಅವನ ತಂಡ ಗೆದ್ದದ್ದು 47. ಹಾರ್ಡನ್‌ನ ತಂಡ 55. ನಾನಾಗಿದ್ದರೆ ಹಾರ್ಡನ್‌ಗೆ ಕೊಡುತ್ತಿದ್ದೆ. ನಿಮ್ಮತ್ತೆಗೆ ಇದನ್ನು ಹೇಳಿದರೆ 'ಅಮೆರಿಕದವರು ನಿಮ್ಮನ್ನ ಕೇಳಲಿಲ್ವಾ?' ಅಂತಾಳೆ.

ಇನ್ನೊಂದು, ಇದು ನಿನ್ನ ಹಿಮ್ಮಡಿಗೆ ಸಂಬಂಧಪಟ್ಟದ್ದು. ಈಗ ಎನ್‌ಬಿಎಯಲ್ಲಿ 82ರಲ್ಲಿ ಕನಿಷ್ಠ 65 ಪಂದ್ಯ ಆಡದಿದ್ದರೆ ಈ ಪ್ರಶಸ್ತಿಗೆ ಹೆಸರೇ ಪರಿಗಣಿಸೋದಿಲ್ಲ, 2023-24ರಿಂದ ಬಂದ ನಿಯಮ. ಆ ವರ್ಷ ಎಂಬೀಡ್ ಸರಾಸರಿ 34.7 ಹೊಡೆಯುತ್ತಿದ್ದ. ಮೊಣಕಾಲಿಗೆ ಪೆಟ್ಟಾಗಿ ಒಟ್ಟು ಆಡಿದ್ದು 39 ಪಂದ್ಯ ಮಾತ್ರ. ಅವನದೇನೂ ತಪ್ಪಿಲ್ಲ ಪಾಪ. ಆದರೆ ಕೋರ್ಟಿನ ಮೇಲೆ ಇರೋದೂ ಒಂದು ಕೆಲಸವೇ. ನೀನು ವಾರ್ಮ್‌ಅಪ್ ತಪ್ಪಿಸಿ ಸುಮ್ನೆ ತ್ರೀ ಪಾಯಿಂಟ್ ಹೊಡೆಯುತ್ತಾ ನಿಂತಿದ್ದೆ, ನೋಡಿದೆ. ಬೇಡ.

ಹೌದು, ನೋಡಿದೆ. ಫೈನಲ್‌ಗೆ ನಾನು ಬಂದಿದ್ದೆ, ಹಿಂದಿನ ಮೆಟ್ಟಿಲಲ್ಲಿ ಕೂತಿದ್ದೆ. ಹೇಳಿದ್ದರೆ ನೀನು ನನ್ನ ಕಡೆ ನೋಡಿಕೊಂಡೇ ಆಡುತ್ತಿದ್ದೆ. ಅಭ್ಯಾಸಬಲ, ಬಸ್ ಟಿಕೆಟ್ಟಿನ ಹಿಂದೆ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಹೋದೆ. ನೀನು ಹಾಕಿದ ಬುಟ್ಟಿ 12. ಅದರಲ್ಲಿ 8 ಕಪ್ ಸಿಕ್ಕ ಆ ಗಾರ್ಡ್ ಹುಡುಗಿಯ ಪಾಸ್‌ನಿಂದ ಬಂದದ್ದು. ಮೂರನೇ ಕ್ವಾರ್ಟರ್‌ನಲ್ಲಿ ಅವಳನ್ನು ಕೂರಿಸಿದರಲ್ಲ, ನಾಲ್ಕು ನಿಮಿಷ? ಆಗ ನೀವು 11 ಪಾಯಿಂಟ್ ಮುಂದಿದ್ದಿರಿ. ಅವಳು ಎದ್ದು ಬರುವ ಹೊತ್ತಿಗೆ 3. ಆ ನಾಲ್ಕು ನಿಮಿಷದಲ್ಲಿ ನೀನು ಮೂವರ ಮಧ್ಯೆ ನುಗ್ಗಿ ಐದು ಸಲ ಎಸೆದೆ, ಒಂದು ಬಿತ್ತು. ಎಡಗಡೆ ಮೂಲೆಯಲ್ಲಿ ನಿಮ್ಮ ಕನ್ನಡಕದ ಹುಡುಗಿ ಕೈ ಎತ್ತಿಕೊಂಡೇ ನಿಂತಿದ್ದಳು. ಕಪ್ ಕೊಟ್ಟವರು ಬಹುಶಃ ಅದನ್ನೂ ನೋಡಿರಬೇಕು.

ನಿನ್ನ ಕೈ ಚೆನ್ನಾಗಿದೆ, ಅದರ ಬಗ್ಗೆ ಮಾತೇ ಇಲ್ಲ. ಅಷ್ಟು ಮೃದುವಾದ ಶಾಟ್ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಈ ವಾರ ಯೊಕಿಚ್ ಆಡಿದ ಯಾವುದಾದರೂ ಒಂದು ಪಂದ್ಯ ಹಾಕಿಕೊಂಡು ನೋಡು. 2014ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸೋದು) 41ನೆಯವನಾಗಿ ಸಿಕ್ಕವನು, ಮೂರು ಸಲ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ತೆಗೆದುಕೊಂಡ. ಓಡೋದೂ ಅಷ್ಟಕ್ಕಷ್ಟೆ, ಹಾರೋದೂ ಅಷ್ಟಕ್ಕಷ್ಟೆ. ಒಂದು ಕ್ವಾರ್ಟರ್ ಪೂರ್ತಿ ಚೆಂಡನ್ನು ನೋಡಬೇಡ. ಉಳಿದ ನಾಲ್ಕು ಜನ ಯಾವಾಗ ಓಡಲು ಶುರು ಮಾಡ್ತಾರೆ ಅಂತ ನೋಡು. ಪಾಸ್ ಬಂದೇ ಬರುತ್ತೆ ಅಂತ ನಂಬಿದವರು ಹೇಗೆ ಓಡ್ತಾರೆ ಅನ್ನೋದು ಗೊತ್ತಾಗುತ್ತೆ. ನೋಡಿ ನನಗೆ ಬರಿ.

ನಾಳೆ ಕಪ್ ಸಿಕ್ಕ ಆ ಹುಡುಗಿಗೆ ಕಂಗ್ರಾಟ್ಸ್ ಹೇಳು. ಇನ್ನೂ ಹೇಳಿಲ್ಲ, ಅಲ್ವಾ? ರಜೆಗೆ ಬಂದಾಗ ಅತ್ತೆ ಕೋಡುಬಳೆ ಮಾಡಿಡ್ತಾಳಂತೆ.

ಟಿಕೆಟ್ ಇದರ ಜೊತೆಗೇ ಇಟ್ಟಿದ್ದೇನೆ. ಕೆಳಗೆ ಮೂಲೆಯಲ್ಲಿ 'ಸ್ಕ್ರೀನ್' ಅಂತ ಬರೆದು ಹಾಕಿದ ಗೀಟುಗಳು, ನೀನು ಬೇರೆಯವರಿಗೆ ಅಡ್ಡ ನಿಂತು ದಾರಿ ಬಿಡಿಸಿಕೊಟ್ಟದ್ದು. ಎರಡಿವೆ.

ಇತಿ,
ನಿನ್ನ ಮಾವ