ಸಿಗರೇಟು ಬಿಡುವ ತಿಂಗಳಲ್ಲಿ ಬರೆಯುವುದು

ಪ್ರೀತಿಯ ತಮ್ಮ,

ಕಾದಂಬರಿ ಮುಗಿದ ಮೇಲೆ ಸಿಗರೇಟು ಬಿಡುತ್ತೇನೆಂದು ಬರೆದಿದ್ದೀಯ. ಅಲ್ಲಿಯವರೆಗೆ ಕಾಯಬೇಡ. ಕಾದಂಬರಿ ಮುಗಿದರೆ ತಿದ್ದುವ ಕೆಲಸ, ಅದಾದ ಮೇಲೆ ಇನ್ನೊಂದು ಕಥೆ, ನೆಪಕ್ಕೆ ಕೊನೆಯಿಲ್ಲ. ಯಾವ ದಿನಕ್ಕೆ ಯಾವ ಕೆಲಸ ಎಂದು ಮೊದಲೇ ಹಂಚಿಕೊಂಡರೆ ಎರಡೂ ಒಟ್ಟಿಗೇ ಸಾಗುತ್ತವೆ.

ಸಿಗರೇಟು ಬಿಡಲು ಎರಡು ವಾರದೊಳಗಿನ ಒಂದು ತಾರೀಕು ಗೊತ್ತುಮಾಡಿಕೋ. ಅಲ್ಲಿಯವರೆಗೆ ಒಂದೇ ನಿಯಮ: ಬರೆಯುವ ಮೇಜಿನ ಹತ್ತಿರ ಸೇದಬಾರದು. ಸೇದಲೇಬೇಕೆನಿಸಿದರೆ ಮುಂದಿನ ವಾಕ್ಯದ ಅರ್ಧ ಸಾಲು ಗೀಚಿಟ್ಟು ಹೊರಗೆ ಹೋಗು. ಆ ತಾರೀಕಿನ ಹಿಂದಿನ ರಾತ್ರಿ ಪೊಟ್ಟಣ, ಲೈಟರ್ ಎಲ್ಲವನ್ನೂ ಮನೆಯಿಂದಾಚೆ ಹಾಕು.

ಬಿಟ್ಟ ಎರಡನೆಯ, ಮೂರನೆಯ ದಿನ ಸಿಡುಕು, ನಿದ್ದೆಗೇಡು, ಚಂಚಲತೆ ಅತಿ ಹೆಚ್ಚು. 2ರಿಂದ 4 ವಾರದಲ್ಲಿ ತಗ್ಗುತ್ತವೆ. ಆ ದಿನಗಳಲ್ಲೇ ಹೊಸ ಅಧ್ಯಾಯಕ್ಕೆ ಕೈಹಾಕಿದರೆ ಎರಡು ಸಾಲೂ ಬಾರದೆ, ಸಿಗರೇಟಿಲ್ಲದೆ ಬರೆಯಲಾರೆ ಎಂದು ನಂಬಿಬಿಡುತ್ತೀಯ. ಬರೆಯುವವರು ಸೋಲುವುದು ಹೆಚ್ಚಾಗಿ ಇಲ್ಲೇ. ಆದ್ದರಿಂದ ಮೊದಲ ವಾರಕ್ಕೆ ಕಾಗುಣಿತ ತಿದ್ದುವುದು, ಟೈಪ್ ಮಾಡುವುದು, ಪಾತ್ರಗಳ ವಯಸ್ಸು ತಾಳೆ ನೋಡುವುದು ಇಂಥವನ್ನು ತೆಗೆದಿಡು. ಒಂದೊಂದೂ 25 ನಿಮಿಷದಲ್ಲಿ ಮುಗಿಯುವಂತಿರಲಿ. ‘ಮೂರನೆಯ ಅಧ್ಯಾಯ ತಿದ್ದು’ ಎಂದು ಬರೆದುಕೊಂಡರೆ ಕೂರಲೇ ಮನಸ್ಸಾಗದು. ‘ಮೊದಲ ನಾಲ್ಕು ಪುಟದ ಸಂಭಾಷಣೆ ಓದು’ ಎಂದರೆ ಕೈ ಓಡುತ್ತದೆ. ಎರಡನೆಯ ವಾರದಿಂದ ದಿನಕ್ಕೊಂದು ಹೊಸ ಪುಟ ಸಾಕು.

ತುಡಿತ ಬಂದಾಗ ಗಡಿಯಾರ ನೋಡು. ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ನೀರು ಕುಡಿ, ಟೀ ಅಂಗಡಿಯಿಲ್ಲದ ದಿಕ್ಕಿಗೆ ನಾಲ್ಕು ಹೆಜ್ಜೆ ನಡೆ.

ಕಾಫಿಯನ್ನು ಅರ್ಧಕ್ಕಿಳಿಸು. ಹೊಗೆ ಕೆಫೀನನ್ನು ಮೈಯಿಂದ ಬೇಗ ಕರಗಿಸುತ್ತಿತ್ತು. ಬಿಟ್ಟ ಮೇಲೆ ಅಷ್ಟೇ ಕಾಫಿ ಹೆಚ್ಚು ಹೊತ್ತು ಉಳಿದು ಎದೆ ಡವಗುಟ್ಟಿಸುತ್ತದೆ, ನಿದ್ದೆ ಕೆಡಿಸುತ್ತದೆ. ಆ ತಪ್ಪನ್ನೂ ಸಿಗರೇಟು ಬಿಟ್ಟದ್ದರ ಮೇಲೆ ಹೊರಿಸುವವರು ಬಹಳ.

ನಿಕೋಟಿನ್ ಗಮ್ ತೆಗೆದುಕೊಳ್ಳುವುದಾದರೆ ವೈದ್ಯರನ್ನು ಕೇಳು. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ, ಉಳಿದವರಿಗೆ 2. ಬಾಯಿ ಚುರುಗುಟ್ಟಿದೊಡನೆ ಜಗಿಯುವುದನ್ನು ನಿಲ್ಲಿಸಿ ಕೆನ್ನೆ-ವಸಡಿನ ನಡುವೆ ಇಟ್ಟುಕೋ. ಚುರುಕು ಇಳಿದ ಮೇಲೆ ಮತ್ತೆ ಜಗಿ. ಹೀಗೆ ಅರ್ಧ ಗಂಟೆ. ಗಬಗಬ ಜಗಿದರೆ ರಸ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ. ಗಮ್ ಬಾಯಿಗೆ ಹಾಕುವ 15 ನಿಮಿಷ ಮುಂಚಿನಿಂದ ಕಾಫಿ, ಹಣ್ಣಿನ ರಸ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಒಳಸೇರದು.

ಜಾರಿ ಒಂದು ಸೇದಿಬಿಟ್ಟರೆ ಉಳಿದದ್ದನ್ನು ಆಗಲೇ ಎಸೆ. ಎಲ್ಲಿ, ಯಾರ ಜೊತೆ, ಏನು ಬರೆಯುತ್ತಿದ್ದಾಗ ಎಂದು ಗುರುತುಹಾಕಿಕೋ. ಅದು ಮತ್ತೆ ಮತ್ತೆ ಆದರೆ ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡು. ಕರೆಗೆ ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿನ್ನ ಗೆಳೆಯನ ಕುಡಿತಕ್ಕೂ ಇದೇ ದಾರಿಯೇ ಎಂದು ಕೇಳಿದ್ದೀಯ. ಖಂಡಿತ ಅಲ್ಲ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ. ಅವನು ನಿಲ್ಲಿಸುವ ಮುಂಚೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗು.

ನಿನ್ನ
ಅಣ್ಣ